ಡಿ7200 ಬಿಟ್ಟು ಮಿರರ್‌ಲೆಸ್ ಕಡೆಗೆ: ನನ್ನ ನಾಲ್ಕು ಲೆನ್ಸ್‌ಗಳಲ್ಲಿ ಎಷ್ಟು ಜೊತೆಗೆ ಬರುತ್ತವೆ?

ನವನಗರ_ಸ್ಟುಡಿಯೋ (ಬಾಗಲಕೋಟೆ), ಸೋಮವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷಗಳಿಂದ ನಿಕಾನ್ ಡಿ7200 ಒಂದನ್ನೇ ನಂಬಿ ಮದುವೆ, ಕುಬಸ, ತೊಟ್ಟಿಲು, ಜಾತ್ರೆ ಎಲ್ಲವನ್ನೂ ತೆಗೆದಿದ್ದೇನೆ. ಈಗ ಗ್ರಾಹಕರು ಫೋಟೋದ ಜೊತೆಗೆ ವಿಡಿಯೋವನ್ನೂ ಕೇಳುತ್ತಾರೆ, ರಾತ್ರಿಯ ಆರತಕ್ಷತೆಯಲ್ಲಿ ಬೆಳಕು ಸಾಲುವುದಿಲ್ಲ. ಒಂದೂವರೆ ಲಕ್ಷ ರೂಪಾಯಿ ಕೂಡಿಟ್ಟಿದ್ದೇನೆ. ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗೆ ಹೋಗಬೇಕೆಂದು ಮನಸ್ಸು ಮಾಡಿದ್ದೇನೆ.

ನನ್ನ ಬಳಿ ಇರುವ ಲೆನ್ಸ್‌ಗಳು ಇವು. ಕ್ಯಾಮೆರಾ ಜೊತೆ ಬಂದ 18-140 ಮಿ.ಮೀ. ಜೂಮ್. ಸೆಕೆಂಡ್ ಹ್ಯಾಂಡ್ ಕೊಂಡ 50 ಮಿ.ಮೀ. ಎಫ್ 1.8 ಡಿ. ನನ್ನ ಹೊಟ್ಟೆ ತುಂಬಿಸಿದ 80-200 ಎಫ್ 2.8 ಡಿ. ಮಂಟಪ ಪೂರ್ತಿ ಹಿಡಿಯಲು ಟೊಕಿನಾ 11-16 ಎಫ್ 2.8, ಅದರ ಮೊದಲ ಆವೃತ್ತಿ.

ಕಳೆದ ವಾರ ಒಂದು ಅಂಗಡಿಯಲ್ಲಿ ವಿಚಾರಿಸಿದಾಗ "ಹೊಸ ಬಾಡಿ ತೆಗೆದುಕೊಳ್ಳಿ, ಹಳೆಯ ಲೆನ್ಸನ್ನು ಅದಕ್ಕೆ ಜೋಡಿಸುವ ಎಫ್‌ಟಿಜೆಡ್ ಅಡಾಪ್ಟರ್ ಹಾಕಿಕೊಳ್ಳಿ, ನಿಮ್ಮ ಎಲ್ಲ ಲೆನ್ಸ್‌ಗಳೂ ನಡೆಯುತ್ತವೆ" ಎಂದರು. ನಾಳೆ ಮುಂಗಡ ಕೊಡಬೇಕೆಂದಿದ್ದೇನೆ. ಅದಕ್ಕೂ ಮುನ್ನ ತಿಳಿದವರನ್ನು ಒಂದು ಮಾತು ಕೇಳೋಣ ಎನಿಸಿತು.

ಗುಮ್ಮಟದ_ನೆರಳು (ವಿಜಯಪುರ), ಸೋಮವಾರ ರಾತ್ರಿ 10.05

ತಮ್ಮಾ, ಮುಂಗಡ ಕೊಡಬೇಡ. ಈಗಲೇ ನಾಲ್ಕೂ ಲೆನ್ಸ್‌ಗಳನ್ನು ಬೋರಲು ಇಟ್ಟು ಹಿಂಬದಿಯ ಮುಚ್ಚಳ ತೆಗೆ. ಲೋಹದ ಉಂಗುರದ ಮೇಲೆ ಒಂದು ಕಡೆ ಸಣ್ಣ ಕುಳಿ, ಕುಳಿಯೊಳಗೆ ಚಪ್ಪಟೆ ಸ್ಕ್ರೂಡ್ರೈವರ್ ಕೂರುವಂತಹ ಸೀಳು ಇದೆಯೇ ನೋಡು. ಆ ಮೇಲೆ ಡಿ7200ರ ಬಾಯಿಯಲ್ಲಿ ನೋಡು: ಅದೇ ಜಾಗದಲ್ಲಿ ಒಂದು ಪುಟ್ಟ ಕಡ್ಡಿ ಹೊರಗೆ ಇಣುಕುತ್ತಿರುತ್ತದೆ. ಲೆನ್ಸ್ ಕೂರಿಸಿದಾಗ ಆ ಕಡ್ಡಿ ಸೀಳಿನೊಳಗೆ ಇಳಿಯುತ್ತದೆ. ಕ್ಯಾಮೆರಾದೊಳಗಿನ ಮೋಟಾರು ಕಡ್ಡಿಯನ್ನು ತಿರುಗಿಸುತ್ತದೆ, ಕಡ್ಡಿ ಲೆನ್ಸನ್ನು ತಿರುಗಿಸುತ್ತದೆ. ಫೋಕಸ್ ಆಗುವಾಗ ನಿನಗೆ ಕೇಳಿಸುವ ಆ ಗರ್ ಗರ್ ಸದ್ದು ಅದರದೇ.

ಎಫ್‌ಟಿಜೆಡ್ ಅಡಾಪ್ಟರಿನಲ್ಲಿ ಈ ಕಡ್ಡಿಯೂ ಇಲ್ಲ, ಮೋಟಾರೂ ಇಲ್ಲ. 2021ರಲ್ಲಿ ಬಂದ ಅದರ ಎರಡನೇ ಆವೃತ್ತಿಯಲ್ಲೂ ಇಲ್ಲ. ಸೀಳಿನ ಲೆನ್ಸ್ ಅದರ ಮೇಲೆ ಕೂರುತ್ತದೆ, ಚಿತ್ರವೂ ಬರುತ್ತದೆ, ಆದರೆ ಫೋಕಸನ್ನು ನೀನೇ ಕೈಯಿಂದ ತಿರುಗಿಸಬೇಕು.

ಇದರ ಹಿಂದೆ ಒಂದು ಹಳೆಯ ಕಥೆ ಇದೆ. ನಿಕಾನ್ ತನ್ನ ಎಫ್ ಮೌಂಟನ್ನು, ಅಂದರೆ ಲೆನ್ಸ್ ಕೂರುವ ಬಾಯಿಯ ವಿನ್ಯಾಸವನ್ನು, 1959ರಲ್ಲಿ ತಂದಿತು. 1986ರಲ್ಲಿ ಎಫ್-501 ಕ್ಯಾಮೆರಾದೊಂದಿಗೆ ಆಟೊಫೋಕಸ್ ತರುವಾಗಲೂ ಅದೇ ಮೌಂಟನ್ನು ಉಳಿಸಿಕೊಂಡು, ಮೋಟಾರನ್ನು ಕ್ಯಾಮೆರಾದೊಳಗೆ ಇಟ್ಟಿತು. ಹಳೆಯ ಲೆನ್ಸ್ ಇದ್ದವರು ನೆಮ್ಮದಿಯಾಗಿ ಮಲಗಿದರು. ಕ್ಯಾನನ್ 1987ರಲ್ಲಿ ತನ್ನ ಎಫ್‌ಡಿ ಮೌಂಟನ್ನೇ ಕೈಬಿಟ್ಟಿತು. ಹೊಸದಾಗಿ ಇಎಫ್ ಮೌಂಟ್ ತಂದು, ಒಂದೊಂದು ಆಟೊಫೋಕಸ್ ಲೆನ್ಸಿನೊಳಗೂ ಮೋಟಾರು ಕೂರಿಸಿತು, ಬೆಳಕು ಒಳಬಿಡುವ ಕಿಂಡಿಯಾದ ಡಯಾಫ್ರಮ್ಮನ್ನೂ ವಿದ್ಯುತ್ತಿನಿಂದಲೇ ನಡೆಸಿತು. ಅಂದು ಅದು ನಿಷ್ಠುರವೆನಿಸಿತ್ತು. ಆದರೆ ಮೂವತ್ತು ವರ್ಷ ದಾಟಿ ಮಿರರ್‌ಲೆಸ್ ಬಂದಾಗ ಲೆಕ್ಕ ತಿರುಗಿತು. 1987ರ ಇಎಫ್ ಲೆನ್ಸ್ ಕ್ಯಾನನ್ನಿನ ಇಂದಿನ ಆರ್‌ಎಫ್ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಅಡಾಪ್ಟರ್ ಮೂಲಕ ತಾನೇ ಫೋಕಸ್ ಮಾಡುತ್ತದೆ. ನಿನ್ನ 80-200 ಹಾಗೆ ಮಾಡಲಾರದು.

ಲೆನ್ಸ್ ನೋಡಿ ಬಂದು ಹೇಳು.

ನವನಗರ_ಸ್ಟುಡಿಯೋ (ಬಾಗಲಕೋಟೆ), ಸೋಮವಾರ ರಾತ್ರಿ 10.50

ಕಾಕಾ, ನೋಡಿದೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿದು ಮುಗಿಸಿದ ಮೇಲೆ ಮೇಜು ಒರೆಸಿ, ಹಾಸಿದ ಟವೆಲ್ ಮೇಲೆ ನಾಲ್ಕನ್ನೂ ಸಾಲಾಗಿ ಇಟ್ಟೆ. 50ರಲ್ಲಿ ಸೀಳಿದೆ. 80-200ರಲ್ಲಿ ಇದೆ. ಟೊಕಿನಾದಲ್ಲೂ ಇದೆ. 18-140ರಲ್ಲಿ ಮಾತ್ರ ಇಲ್ಲ. ಒಂಬತ್ತು ವರ್ಷ ದಿನವೂ ಕೈಯಲ್ಲಿ ಹಿಡಿದ ಸಾಮಾನು, ಒಮ್ಮೆಯೂ ಇದನ್ನು ಗಮನಿಸಿರಲಿಲ್ಲ.

ಉಳಿಯುವ ಆ ಒಂದು ಲೆನ್ಸಿನ ಕಥೆ ಕೇಳಿ. ಭರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋಗಿದ್ದೆ. ಭಂಡಾರ, ಅಂದರೆ ಅರಿಷಿಣದ ಪುಡಿ, ತೂರುವಾಗ ಜನರ ನಡುವೆಯೇ ನಿಂತು ತೆಗೆದೆ. ಚಿತ್ರಗಳೇನೋ ಜನ್ಮಕ್ಕೆ ಸಾಕಾಗುವಷ್ಟು ಚೆನ್ನಾಗಿ ಬಂದವು. ಆದರೆ ಅಂದಿನಿಂದ 18-140ರ ಜೂಮ್ ತಿರುಗಿಸಿದರೆ 70ರ ಹತ್ತಿರ ಕರಕರ ಎನ್ನುತ್ತದೆ. ಕೊಳವೆಯನ್ನು ಪೂರ್ತಿ ಹೊರಗೆಳೆದರೆ ಅಂಚಿನಲ್ಲಿ ಹಳದಿ ಗೆರೆ ಕಾಣುತ್ತದೆ.

ಮುಂಗಡ ಕೊಡುವುದಿಲ್ಲ. ಮುಂದೇನು ಮಾಡಲಿ ಹೇಳಿ.

ಕುಂದಾನಗರಿ_ರಿಪೇರಿ (ಬೆಳಗಾವಿ), ಮಂಗಳವಾರ ಬೆಳಿಗ್ಗೆ 7.15

ಮೊದಲು ಆ 18-140ರ ಜೂಮ್ ತಿರುಗಿಸುವುದನ್ನು ನಿಲ್ಲಿಸಿ. ಉದ್ದವಾಗಿ ಹೊರಗೆ ಬರುವ ಜೂಮ್ ಲೆನ್ಸ್ ಸೈಕಲ್ ಪಂಪಿನ ಹಾಗೆ. ಹೊರಗೆ ಬರುವಾಗ ಗಾಳಿ ಎಳೆದುಕೊಳ್ಳುತ್ತದೆ, ಗಾಳಿಯ ಜೊತೆಗೆ ಪುಡಿಯೂ ಒಳಗೆ ಹೋಗುತ್ತದೆ. ನೀವು "ಸರಿ ಹೋಯಿತೇ" ಎಂದು ನೋಡಲು ಒಂದೊಂದು ಸಲ ತಿರುಗಿಸಿದಾಗಲೂ ಅಂಚಿನ ಹಳದಿ ಇನ್ನಷ್ಟು ಒಳಗೆ ಇಳಿಯುತ್ತದೆ.

ಭಂಡಾರ ಬಿದ್ದ ಲೆನ್ಸ್‌ಗಳು ಪ್ರತಿ ವರ್ಷ ನನ್ನ ಮೇಜಿಗೆ ಬರುತ್ತವೆ. ಅವುಗಳಲ್ಲಿ ಅರ್ಧ ಹಾಳಾಗಿರುವುದು ಭಂಡಾರದಿಂದಲ್ಲ, ಒರೆಸಿದ್ದರಿಂದ. ಅರಿಷಿಣದ ಬಣ್ಣ ನೀರಿನಲ್ಲಿ ಕರಗುವುದಿಲ್ಲ. ಗಾಜಿನ ಮೇಲೆ ಬಾಯಿಂದ ಆವಿ ಊದಿ, ಅಂಗಿಯ ತುದಿಯಿಂದ ಒರೆಸಿದರೆ ಪುಡಿ ಕೆಸರಾಗಿ ಗಾಜಿಗೆ ಮೆತ್ತುತ್ತದೆ, ಅದರಲ್ಲಿರುವ ಮರಳಿನ ಕಣ ಕೋಟಿಂಗನ್ನು ಗೀರುತ್ತದೆ. ಕ್ರಮ ಹೀಗಿರಲಿ. ಲೆನ್ಸನ್ನು ಕೆಳಮುಖ ಮಾಡಿ ಹಿಡಿದು ರಬ್ಬರ್ ಬ್ಲೋಯರಿನಿಂದ ಊದಿ. ನಂತರ ಒಣಗಿದ ಮೆತ್ತನೆಯ ಬ್ರಷ್ಷಿನಿಂದ ಅಂಚು, ಉಂಗುರ, ಸಂದುಗಳನ್ನು ಸವರಿ ಮತ್ತೆ ಊದಿ. ಪುಡಿ ಪೂರ್ತಿ ಹೋಗಿ ಬರೀ ಹಳದಿ ಕಲೆ ಉಳಿದ ಮೇಲೆಯೇ ದ್ರವ. ಅದೂ ಲೆನ್ಸಿಗೆಂದೇ ಮಾಡಿದ, ಆಲ್ಕೊಹಾಲ್ ಇರುವ ದ್ರವ, ಏಕೆಂದರೆ ಅರಿಷಿಣದ ಬಣ್ಣ ಆಲ್ಕೊಹಾಲಿನಲ್ಲಿ ಕರಗುತ್ತದೆ. ದ್ರವವನ್ನು ಬಟ್ಟೆಗೆ ಹಾಕಿ, ಗಾಜಿಗೆ ನೇರವಾಗಿ ಸುರಿಯಬೇಡಿ. ಡಬ್ಬಿಯಲ್ಲಿ ಬರುವ ಒತ್ತಡದ ಗಾಳಿಯನ್ನು ಕ್ಯಾಮೆರಾದೊಳಗೆ ಊದಲೇಬೇಡಿ. ಅದರ ಜೊತೆ ಹೊರಬರುವ ತಣ್ಣನೆಯ ದ್ರವ ಸೆನ್ಸರಿನ ಮೇಲೆ ಕಲೆ ಮಾಡುತ್ತದೆ.

ನಿಮ್ಮ ಲೆನ್ಸಿನ ಒಳಗೇ ಪುಡಿ ಹೋಗಿದೆ. ಅದನ್ನು ಬಿಚ್ಚಲೇಬೇಕು, ಮನೆಯಲ್ಲಿ ಬಿಚ್ಚಬೇಡಿ.

ಅಡಾಪ್ಟರ್ ವಿಷಯದಲ್ಲಿ ಕಾಕಾ ಹೇಳಿದ್ದಕ್ಕೆ ಇಷ್ಟು ಸೇರಿಸುತ್ತೇನೆ. ಎಫ್‌ಟಿಜೆಡ್ ಅಂದರೆ ಮುಖ್ಯವಾಗಿ ಅಳತೆಯ ಕೊಳವೆ. ಎಫ್ ಮೌಂಟಿನಲ್ಲಿ ಲೆನ್ಸಿನ ಉಂಗುರದಿಂದ ಸೆನ್ಸರಿಗೆ 46.5 ಮಿ.ಮೀ. ದೂರ, ನಿಕಾನ್ ಮಿರರ್‌ಲೆಸ್‌ನ ಝಡ್ ಮೌಂಟಿನಲ್ಲಿ 16 ಮಿ.ಮೀ. ನಡುವಿನ 30.5 ಮಿ.ಮೀ. ತುಂಬಿಸುವುದು ಅದರ ಕೆಲಸ. ಒಳಗೆ ಗಾಜಿಲ್ಲ, ಹಾಗಾಗಿ ಚಿತ್ರದ ಗುಣಮಟ್ಟಕ್ಕೆ ಕುಂದಿಲ್ಲ. ಡಯಾಫ್ರಮ್ ನಡೆಸುವ ಸನ್ನೆ ಅದರಲ್ಲಿದೆ, ಆದ್ದರಿಂದ ನಿಮ್ಮ ಡಿ ಲೆನ್ಸ್‌ಗಳಲ್ಲೂ ಅಪರ್ಚರನ್ನು, ಅಂದರೆ ಆ ಕಿಂಡಿಯ ಅಗಲವನ್ನು, ಕ್ಯಾಮೆರಾದಿಂದಲೇ ಬದಲಿಸಬಹುದು. ಇಲ್ಲದಿರುವುದು ಫೋಕಸ್ ಮೋಟಾರು ಒಂದೇ.

ಇನ್ನೊಂದು ವಿಷಯವನ್ನು ಅಂಗಡಿಯವರು ಹೇಳಿರಲಿಕ್ಕಿಲ್ಲ. ನಿಮ್ಮ 18-140 ಮತ್ತು ಟೊಕಿನಾ ಎರಡೂ ಚಿಕ್ಕ ಸೆನ್ಸರಿಗಾಗಿ ಮಾಡಿದವು. ನಿಕಾನ್ ಝಡ್ 5ರ ಎರಡನೇ ಆವೃತ್ತಿಯಂತಹ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಬಾಡಿಗೆ ಹಾಕಿದರೆ ಕ್ಯಾಮೆರಾ ನಡುವಿನ ಭಾಗವನ್ನು ಮಾತ್ರ ಬಳಸುತ್ತದೆ, 24 ಮೆಗಾಪಿಕ್ಸೆಲ್ ಹೋಗಿ ಸುಮಾರು 10 ಉಳಿಯುತ್ತದೆ. ಆಲ್ಬಮ್ಮಿಗೆ ಸಾಕು. ಮಂಟಪದ ಹಿಂದೆ ಹಾಕುವ ದೊಡ್ಡ ಫಲಕಕ್ಕೆ ಸಾಲದು.

ಮೇಣಬಸದಿ (ಬಾದಾಮಿ), ಮಂಗಳವಾರ ಮಧ್ಯಾಹ್ನ 1.30

ಅಣ್ಣಾ, ನಾನು ಕ್ಯಾನನ್ ಬಳಸುವವನು. ಚಿಕ್ಕ ಸೆನ್ಸರಿನ ಹಳೆಯ ಇಎಫ್-ಎಸ್ ಲೆನ್ಸ್‌ಗಳು ಅಡಾಪ್ಟರ್ ಮೂಲಕ ನನ್ನ ಮಿರರ್‌ಲೆಸ್ ಆರ್10ರಲ್ಲಿ ಒಂದೂ ತಕರಾರಿಲ್ಲದೆ ನಡೆಯುತ್ತಿವೆ. ಆದರೆ ನಿಮ್ಮ ಟೊಕಿನಾ ಬಗ್ಗೆ ಇಷ್ಟು ಬೇಸರ ಬೇಡ. ಅಗಲ ಲೆನ್ಸಿಗೆ ಆಟೊಫೋಕಸ್ ಇಲ್ಲದಿದ್ದರೆ ನಷ್ಟ ಕಡಿಮೆ.

ನಮ್ಮ ಬಾದಾಮಿಯ ಮೂರನೇ ಗುಹೆಯಲ್ಲಿ, ಕ್ರಿ.ಶ. 578ರ ಶಾಸನ ಇರುವ ಆ ಗುಹೆಯಲ್ಲಿ, ನಾನು ಅಗಲ ಲೆನ್ಸಿನ ಆಟೊಫೋಕಸನ್ನು ಆರಿಸಿಯೇ ಕೆಲಸ ಮಾಡುತ್ತೇನೆ. ಕತ್ತಲಲ್ಲಿ ಕ್ಯಾಮೆರಾ ಹುಡುಕಾಡಿ ಕಂಬದ ಮೇಲೋ ಮುಂದೆ ನಿಂತವರ ಬೆನ್ನಿನ ಮೇಲೋ ಫೋಕಸ್ ಕೂರಿಸುತ್ತದೆ. ಚಿಕ್ಕ ಸೆನ್ಸರಿನಲ್ಲಿ 11 ಮಿ.ಮೀ., ಎಫ್ 8 ಇಟ್ಟು ಸುಮಾರು 80 ಸೆಂ.ಮೀ. ದೂರಕ್ಕೆ ಫೋಕಸ್ ನಿಲ್ಲಿಸಿದರೆ, ಮೊಣಕೈ ದೂರದ ಕಂಬದಿಂದ ಹಿಡಿದು ಆಚೆ ಕೊನೆಯ ಗೋಡೆಯವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ. ಬೆಳಕು ಸಾಲದೆ ಎಫ್ 4 ಇಟ್ಟರೆ ಒಂದೂವರೆ ಮೀಟರ್. ಈ ಎರಡು ಅಂಕಿಗಳನ್ನು ಬಿಳಿ ಟೇಪಿನ ಮೇಲೆ ಬರೆದು ಲೆನ್ಸಿಗೆ ಅಂಟಿಸಿದ್ದೇನೆ. ಮಂಟಪಕ್ಕೂ ಇದೇ ಸೂತ್ರ ನಡೆಯುತ್ತದೆ, ಮಂಟಪ ಎಲ್ಲಿಗೂ ಓಡುವುದಿಲ್ಲವಲ್ಲ.

ಗುಹೆಗಳಲ್ಲಾಗಲಿ, ಪಟ್ಟದಕಲ್ಲು, ಐಹೊಳೆಯಲ್ಲಾಗಲಿ ಟ್ರೈಪಾಡ್ ಬೇಕೆಂದರೆ ಪುರಾತತ್ವ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಬೇಕು. ಹಾಗಾಗಿ ನಮಗೆ ಬಾಡಿಯೊಳಗೆ ಸೆನ್ಸರ್ ಅಲುಗಾಟ ತಡೆಯುವ ವ್ಯವಸ್ಥೆ ಇದೆಯೇ ಎಂಬುದು ದೊಡ್ಡ ಪ್ರಶ್ನೆ. ಝಡ್ 5ರ ಎರಡನೇ ಆವೃತ್ತಿಯಲ್ಲಿ ಅದಿದೆ. ಝಡ್ 50ರ ಎರಡನೇ ಆವೃತ್ತಿಯಲ್ಲಿ ಇಲ್ಲ. ನನ್ನ ಆರ್10ರಲ್ಲೂ ಇಲ್ಲ, ಅದಕ್ಕಾಗಿ ಪ್ರತಿ ದಿನ ಕಂಬಕ್ಕೆ ಬೆನ್ನು ಕೊಟ್ಟು ಉಸಿರು ಹಿಡಿಯುತ್ತೇನೆ.

ಸುದ್ದಿ ಬೇಕಾದವರಿಗೆ ಒಂದು ಮಾತು: ಆರ್‌ಎಫ್ ಮೌಂಟಿಗೆ ಬೇರೆ ಕಂಪನಿಗಳ ಆಟೊಫೋಕಸ್ ಲೆನ್ಸ್ ಸಿಗುವುದಿಲ್ಲ ಎಂಬ ಮಾತು ಹಳೆಯದಾಯಿತು. 2024ರಲ್ಲಿ ಸಿಗ್ಮಾ, ಟ್ಯಾಮ್ರಾನ್ ಎರಡೂ ಕ್ಯಾನನ್ ಪರವಾನಗಿಯೊಂದಿಗೆ ಚಿಕ್ಕ ಸೆನ್ಸರಿನ ಆರ್‌ಎಫ್ ಲೆನ್ಸ್‌ಗಳನ್ನು ತಂದವು. ಸಿಗ್ಮಾ 18-50 ಎಫ್ 2.8 ನನ್ನ ಕೈಯಲ್ಲಿದೆ. ಹಗುರ, ಚುರುಕು.

ಘಟಪ್ರಭಾ_ತೀರ (ಗೋಕಾಕ), ಮಂಗಳವಾರ ಸಂಜೆ 6.20

ಎಲ್ಲರೂ ಸೇರಿ ಅವರ ಉತ್ಸಾಹಕ್ಕೆ ತಣ್ಣೀರು ಎರಚಬೇಡಿ. ಮಿರರ್‌ಲೆಸ್‌ನಲ್ಲಿ ನಿಜವಾಗಿಯೂ ಹೊಸದು ಇದೆ.

ನಾನು ಚಳಿಗಾಲದಲ್ಲಿ ಪ್ರತಿ ಭಾನುವಾರ ಧೂಪದಾಳದ ಹಿನ್ನೀರಿನ ದಡದಲ್ಲಿ ಇರುತ್ತೇನೆ. ಡೆಮೊಸೆಲ್ ಕೊಕ್ಕರೆಗಳು ಹಿಂಡಾಗಿ ಏಳುವಾಗ ಕನ್ನಡಿ ಇರುವ ಹಳೆಯ ಡಿಎಸ್‌ಎಲ್‌ಆರ್‌ನಲ್ಲಿ ನಡುವಿನ ಫೋಕಸ್ ಬಿಂದುವನ್ನು ಒಂದು ಹಕ್ಕಿಯ ಮೇಲೆ ಹಿಡಿದಿಡಲು ಹೆಣಗಬೇಕಿತ್ತು. ಈಗ ಕ್ಯಾಮೆರಾ ಹಕ್ಕಿಯ ಕಣ್ಣನ್ನೇ ಗುರುತಿಸಿ ಹಿಡಿಯುತ್ತದೆ, ನಾನು ಚೌಕಟ್ಟಿನ ಕಡೆ ಗಮನ ಕೊಡುತ್ತೇನೆ. ಅದೂ ಹಳೆಯ ಲೆನ್ಸಿನಲ್ಲೇ. ನನ್ನ 200-500 ಎಫ್ 5.6, 2015ರ ಲೆನ್ಸ್, ಎಎಫ್-ಎಸ್, ಅಂದರೆ ಒಳಗೇ ಮೋಟಾರು ಇರುವುದು, ಆದ್ದರಿಂದ ಎಫ್‌ಟಿಜೆಡ್ ಮೇಲೆ ತಾನೇ ಫೋಕಸ್ ಮಾಡುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸಿನ ಅಳತೆಗೆ ಬೇರೆಯೇ ಸೆನ್ಸರ್ ಇರುವುದರಿಂದ ಈ ಲೆನ್ಸ್ ಹಕ್ಕಿಯ ಹಿಂದಿನ ಹುಲ್ಲಿನ ಮೇಲೆ ಫೋಕಸ್ ಕೂರಿಸುತ್ತಿತ್ತು, ಮೆನುವಿನಲ್ಲಿ ತಿದ್ದುಪಡಿ ಹಾಕಿಕೊಳ್ಳಬೇಕಿತ್ತು. ಮಿರರ್‌ಲೆಸ್‌ನಲ್ಲಿ ಚಿತ್ರ ತೆಗೆಯುವ ಸೆನ್ಸರಿನ ಮೇಲೆಯೇ ಫೋಕಸ್ ಅಳೆಯುವುದರಿಂದ ಆ ತೊಂದರೆಯೇ ಇಲ್ಲ.

ಯಾವ ಕ್ಯಾಮೆರಾದಿಂದಲೂ ಆಗದ ಕೆಲಸ ಒಂದಿದೆ. ಬೇಸಿಗೆಯಲ್ಲಿ ಬೆಳಿಗ್ಗೆ 9ರ ನಂತರ ನೀರಿನ ಮೇಲೆ, ಕರಿಮಣ್ಣಿನ ಹೊಲದ ಮೇಲೆ ಏಳುವ ಬಿಸಿಲ ಝಳ. ದೂರದ ಹಕ್ಕಿ ನೀರಿನೊಳಗಿದ್ದಂತೆ ಕದಲುತ್ತದೆ. ದುಬಾರಿ ಲೆನ್ಸ್ ಕೊಂಡ ಎಷ್ಟೋ ಜನ ಇದನ್ನು ಲೆನ್ಸಿನ ದೋಷವೆಂದು ತಿಳಿದು ಕೊರಗಿದ್ದಾರೆ. ಹತ್ತಿರ ಹೋಗಬೇಕು, ಇಲ್ಲವೇ ಬೇಗ ಏಳಬೇಕು.

ಗುಮ್ಮಟದ_ನೆರಳು (ವಿಜಯಪುರ), ಮಂಗಳವಾರ ರಾತ್ರಿ 8.45

ಅಕ್ಕಾವರೇ, ಒಪ್ಪಿದೆ. ನಾನು ಮಿರರ್‌ಲೆಸ್ ವಿರೋಧಿಯಲ್ಲ. ನನ್ನ ಮಾತು ಇಷ್ಟೇ: ಬಾಡಿ ಐದಾರು ವರ್ಷದ ನಂಟು, ಲೆನ್ಸ್ ಇಪ್ಪತ್ತು ವರ್ಷದ್ದು. ಕೊಳ್ಳುವಾಗ ಜನ ಬಾಡಿಯನ್ನು ಹತ್ತು ಸಲ ನೋಡಿ, ಲೆನ್ಸನ್ನು ಒಂದು ಸಲವೂ ನೋಡುವುದಿಲ್ಲ. ನಾನು ಎಫ್‌ಎಂ2 ಫಿಲ್ಮ್ ಕ್ಯಾಮೆರಾ ಕಾಲದಿಂದ ನೋಡುತ್ತಾ ಬಂದಿದ್ದೇನೆ, ತಪ್ಪು ಪ್ರತಿ ಸಲ ಅಲ್ಲಿಯೇ ಆಗುತ್ತದೆ.

ಮಿರರ್‌ಲೆಸ್‌ನ ಒಂದು ಸುಖವನ್ನು ನಾನೂ ಕಂಡಿದ್ದೇನೆ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಮೊದಲೆಲ್ಲ ನನ್ನ ಕ್ಯಾಮೆರಾದ ಕನ್ನಡಿ ಎದ್ದು ಬಿದ್ದರೆ ಸದ್ದು ಗುಮ್ಮಟ ಸುತ್ತಿ ಮತ್ತೆ ಮತ್ತೆ ನನ್ನ ಕಿವಿಗೇ ಬರುತ್ತಿತ್ತು, ಎದುರು ಬದಿಯಲ್ಲಿ ಕಣ್ಣು ಮುಚ್ಚಿ ನಿಂತ ಮುದುಕಿಯೊಬ್ಬರು ಬೆಚ್ಚಿ ಕಣ್ಣು ಬಿಟ್ಟಿದ್ದರು. ಆ ಚಿತ್ರ ಕೈತಪ್ಪಿತು. ಮೊನ್ನೆ ಮಗನ ಮಿರರ್‌ಲೆಸ್ ಒಯ್ದು ಶಬ್ದವಿಲ್ಲದ ಶಟರ್ ಇಟ್ಟು ತೆಗೆದೆ. ಬೆಳಿಗ್ಗೆ ಶಾಲೆಯ ಮಕ್ಕಳ ಕೂಗು ಶುರುವಾಗುವ ಮುನ್ನ ಹೋಗಿದ್ದೆ. ಎಫ್ 2.8, ಸೆಕೆಂಡಿನ 15ನೇ ಒಂದು ಭಾಗ, ಕೈಯಲ್ಲೇ ಹಿಡಿದು. 1656ರ ಕಟ್ಟಡದೊಳಗೆ ಸದ್ದೇ ಇಲ್ಲದೆ ಚಿತ್ರ ತೆಗೆಯುವುದು ನನ್ನ ವಯಸ್ಸಿನವನಿಗೆ ಹೊಸ ಜನ್ಮವಿದ್ದಂತೆ.

ಇನ್ನೂ ಒಂದು. 1987ರಲ್ಲಿ ಅನಾಥವಾದ ಆ ಎಫ್‌ಡಿ ಲೆನ್ಸ್‌ಗಳ ಮೌಂಟ್ ದೂರ 42 ಮಿ.ಮೀ., ಇಎಫ್‌ನದು 44. ಎರಡು ಮಿ.ಮೀ. ಕೊರತೆಯಿಂದಾಗಿ ಗಾಜಿಲ್ಲದ ಅಡಾಪ್ಟರ್ ಹಾಕಿದರೆ ದೂರದ ವಸ್ತುವಿಗೆ ಫೋಕಸ್ ಸಿಗುತ್ತಿರಲಿಲ್ಲ. ಆರ್‌ಎಫ್‌ನಲ್ಲಿ ದೂರ ಬರೀ 20 ಮಿ.ಮೀ. ಆದ್ದರಿಂದ 22 ಮಿ.ಮೀ. ಉದ್ದದ ಸಾದಾ ಕೊಳವೆ ಸಾಕು. ಗೆಳೆಯನೊಬ್ಬ ಟ್ರಂಕಿನಲ್ಲಿ ಇಟ್ಟಿದ್ದ ಎಫ್‌ಡಿ 50 ಎಫ್ 1.4 ಈಗ ಮತ್ತೆ ಬೆಳಕು ಕಂಡಿದೆ.

ನವನಗರ_ಸ್ಟುಡಿಯೋ (ಬಾಗಲಕೋಟೆ), ಮಂಗಳವಾರ ರಾತ್ರಿ 10.15

ಇಷ್ಟು ಮನಸ್ಸಿಟ್ಟು ಬರೆಯುತ್ತಿದ್ದೀರಿ, ಋಣಿ. ಶಬ್ದವಿಲ್ಲದ ಶಟರ್ ಎಂದಿರಲ್ಲ ಕಾಕಾ, ಅದರ ಬಗ್ಗೆ ಕೇಳಬೇಕಿತ್ತು. ಇಳಕಲ್ಲಿನಲ್ಲಿ ಒಂದು ಮದುವೆಗೆ ಬಂದಿದ್ದ ಬೇರೆ ಛಾಯಾಗ್ರಾಹಕನ ಮಿರರ್‌ಲೆಸ್ ಚಿತ್ರಗಳಲ್ಲಿ ವಧುವಿನ ಮುಖದ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆಗಳು ಬಂದಿದ್ದವು. ಆತ ಅಳುವುದೊಂದು ಬಾಕಿ. ಅದು ಕ್ಯಾಮೆರಾದ ದೋಷವೇ? ಕಾರ್ಡ್ ಸ್ಲಾಟ್ ಎರಡು ಇರಲೇಬೇಕೇ?

ಕುಂದಾನಗರಿ_ರಿಪೇರಿ (ಬೆಳಗಾವಿ), ಬುಧವಾರ ಬೆಳಿಗ್ಗೆ 7.00

ದೋಷವಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಅದರಿಂದ ಉರಿಯುವ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ. ಹೆಚ್ಚಿನ ಕ್ಯಾಮೆರಾಗಳಲ್ಲಿ ಶಬ್ದವಿಲ್ಲದ ಶಟರ್ ಸೆನ್ಸರನ್ನು ಸಾಲು ಸಾಲಾಗಿ ಮೇಲಿನಿಂದ ಕೆಳಗೆ ಓದುತ್ತದೆ. ಒಂದು ಸಾಲು ಓದುವಾಗ ದೀಪ ಬೆಳಗಿರುತ್ತದೆ, ಮುಂದಿನದಕ್ಕೆ ಮಂದವಾಗಿರುತ್ತದೆ, ಹಾಗೆ ಪಟ್ಟೆ ಬೀಳುತ್ತದೆ. ಕಲ್ಯಾಣ ಮಂಟಪದಲ್ಲಿ ಯಾಂತ್ರಿಕ ಶಟರನ್ನೇ ಬಳಸಿ, ವೇಗವನ್ನು ಸೆಕೆಂಡಿನ 100ನೇ ಅಥವಾ 50ನೇ ಭಾಗಕ್ಕೆ ನಿಲ್ಲಿಸಿ. ವಿಡಿಯೋಗೆ ಸೆಕೆಂಡಿಗೆ 25 ಫ್ರೇಮು, ಶಟರ್ 50ನೇ ಭಾಗ. ವೇದಿಕೆಯ ಹಿಂದಿನ ಎಲ್‌ಇಡಿ ಪರದೆ ಮತ್ತು ಬಣ್ಣದ ದೀಪಗಳು ಮಾತ್ರ ತಮ್ಮದೇ ಲೆಕ್ಕದಲ್ಲಿ ಮಿನುಗುತ್ತವೆ, ಅವುಗಳಿಗೆ ಈ ಅಂಕಿ ಹೊಂದದಿರಬಹುದು. ಮುಹೂರ್ತಕ್ಕೆ ಮೊದಲೇ ಹೋಗಿ ನಾಲ್ಕು ಚಿತ್ರ ತೆಗೆದು, ದೊಡ್ಡದು ಮಾಡಿ ನೋಡುವುದೊಂದೇ ದಾರಿ. 2023ರಲ್ಲಿ ಸೋನಿ ಎ9ರ ಮೂರನೇ ಆವೃತ್ತಿ ಇಡೀ ಫ್ರೇಮನ್ನು ಒಂದೇ ಕ್ಷಣದಲ್ಲಿ ಓದುವ ಸೆನ್ಸರಿನೊಂದಿಗೆ ಬಂತು. ಅದರಲ್ಲಿ ಈ ಪಟ್ಟೆಗಳ ಕಾಟವಿಲ್ಲ, ಬೆಲೆ ಮಾತ್ರ ನಮ್ಮಂಥವರದಲ್ಲ.

ಸ್ಲಾಟ್ ಎರಡು ಇರಲೇಬೇಕು. ಮದುವೆಯನ್ನು ಮತ್ತೊಮ್ಮೆ ಮಾಡಿಸಲು ಆಗುವುದಿಲ್ಲ. ಝಡ್ 50ರ ಎರಡನೇ ಆವೃತ್ತಿಯಲ್ಲಿ ಒಂದೇ ಸ್ಲಾಟ್ ಇದೆ. ಝಡ್ 5ರ ಎರಡನೇ ಆವೃತ್ತಿಯಲ್ಲಿ ಎರಡು ಎಸ್‌ಡಿ ಸ್ಲಾಟ್‌ಗಳಿವೆ, ಒಂದೇ ಚಿತ್ರವನ್ನು ಎರಡಕ್ಕೂ ಬರೆಯುವಂತೆ ಇಡಿ. ಕಾರ್ಡಿನ ಮೇಲೆ ವಿ30 ಎಂದಿದ್ದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತದೆ ಎಂದರ್ಥ. ದೊಡ್ಡ ಅಕ್ಷರದಲ್ಲಿ ಹಾಕಿರುವ 170, 200 ಓದುವ ವೇಗ, ಅದನ್ನು ನೋಡಿ ಮರುಳಾಗಬೇಡಿ.

ಮಳೆಗಾಲ ಬರುತ್ತಿದೆ, ಆದ್ದರಿಂದ ಕೇಳದಿದ್ದರೂ ಹೇಳುತ್ತೇನೆ. ವಿಜಯಪುರ, ಬಾಗಲಕೋಟೆಯವರ ಶತ್ರು ಧೂಳು. ನಮ್ಮ ಬೆಳಗಾವಿ, ಖಾನಾಪುರದವರ ಶತ್ರು ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆನ್ಸನ್ನು ಚರ್ಮದ ಚೀಲದಲ್ಲಿಟ್ಟು ಕಪಾಟಿಗೆ ಸೇರಿಸಿದರೆ ದಸರೆಗೆ ತೆಗೆಯುವಾಗ ಗಾಜಿನೊಳಗೆ ಜೇಡರ ಬಲೆಯಂತಹ ಎಳೆಗಳು ಕಾಣುತ್ತವೆ. ಗಾಳಿಯಾಡದ ಅಡುಗೆ ಡಬ್ಬಿ, ಒಂದು ಚಿಕ್ಕ ತೇವಾಂಶ ಮಾಪಕ, ಸಿಲಿಕಾ ಜೆಲ್ ಇದ್ದರೆ ಸಾಕು. ಮಾಪಕ 40ರಿಂದ 50ರ ನಡುವೆ ನಿಲ್ಲಲಿ. ಅಕ್ಕಿಯಲ್ಲಿ ಹೂತಿಡುವವರಿದ್ದಾರೆ, ದಯವಿಟ್ಟು ಬೇಡ, ಅಕ್ಕಿಯ ಹಿಟ್ಟು ಸಂದುಗಳಿಗೆ ಇಳಿಯುತ್ತದೆ.

18-140 ತೆಗೆದುಕೊಂಡು ಶನಿವಾರ ಬನ್ನಿ, ಬಿಚ್ಚಿ ನೋಡೋಣ.

ನವನಗರ_ಸ್ಟುಡಿಯೋ (ಬಾಗಲಕೋಟೆ), ಹನ್ನೆರಡು ದಿನಗಳ ನಂತರ, ರಾತ್ರಿ 9.20

ಬೆಳಗಾವಿಗೆ ಹೋಗಿ ಬಂದೆ. ಅಣ್ಣನವರು ಬಿಳಿ ಹಾಳೆ ಹಾಸಿ, ಮುಂದಿನ ಉಂಗುರ ಬಿಚ್ಚಿ, ಕೊಳವೆಯನ್ನು ಮೆಲ್ಲನೆ ಹೊರಗೆಳೆದರು. ಒಳಗಿನ ಜಾರುಗಾಲುವೆಯಲ್ಲಿ ಗ್ರೀಸಿನೊಂದಿಗೆ ಕಲಸಿ ಭಂಡಾರ ಗಟ್ಟಿಯಾಗಿ ಕುಳಿತಿತ್ತು, ಅರಿಷಿಣದ ಕೊಂಬಿನ ಸಿಪ್ಪೆಯ ಹಾಗೆ. ಹತ್ತಿಕಡ್ಡಿಯಿಂದ ತೆಗೆದು ತೆಗೆದು ಹಾಳೆಯ ಮೇಲೆ ಇಟ್ಟರು, ಒಂದು ಚಿಟಿಕೆಯಷ್ಟಾಯಿತು. ಅಷ್ಟೇ ಅಷ್ಟು ಪುಡಿ ಒಂದು ಲೆನ್ಸನ್ನು ನಿಲ್ಲಿಸುತ್ತದೆ ಎಂದು ನಂಬಲಾಗಲಿಲ್ಲ. ಈಗ ಕರಕರ ಇಲ್ಲ.

ಆ ಮೇಲೆ ಕೊಳ್ಳುವ ಮೊದಲು ಝಡ್ 5ರ ಎರಡನೇ ಆವೃತ್ತಿ, ಎಫ್‌ಟಿಜೆಡ್ ಮತ್ತು ನಿಕಾನಿನ 40 ಮಿ.ಮೀ. ಎಫ್ 2 ಲೆನ್ಸನ್ನು ಎರಡು ದಿನ ಬಾಡಿಗೆಗೆ ತಂದೆ. ಗುಳೇದಗುಡ್ಡದಲ್ಲಿ ಮದುವೆ ಇತ್ತು. 40ರಲ್ಲಿ ತೆಗೆದದ್ದನ್ನು ನೋಡಿ ಕಣ್ಣು ತುಂಬಿತು. ಹಿಂದಿನ ರಾತ್ರಿ ಮನೆಯೊಳಗೆ ಒಂದೇ ಬಲ್ಬು, ವಧುವಿಗೆ ಅವಳ ಅಜ್ಜಿ ಅರಿಷಿಣ ಹಚ್ಚುತ್ತಿದ್ದರು. ಫ್ಲ್ಯಾಷ್ ಇಲ್ಲದೆ ತೆಗೆದೆ. ಅಜ್ಜಿಯ ಬೆರಳಿನ ಗೆರೆಗಳು ಕಾಣುತ್ತವೆ.

ಮರುದಿನ ಮುಹೂರ್ತಕ್ಕೆ 80-200 ಅನ್ನು ಎಫ್‌ಟಿಜೆಡ್ ಮೇಲೆ ಹಾಕಿ ಕೈಯಿಂದ ಫೋಕಸ್ ಮಾಡಿದೆ. ನಿಂತವರನ್ನು ತೆಗೆಯುವಾಗ ಸಲೀಸು, ಫೋಕಸ್ ಕುಳಿತಾಗ ಚೌಕ ಹಸಿರಾಗುತ್ತದೆ. ಆದರೆ ಅಂತರಪಟ ಸರಿದು ಅಕ್ಷತೆ ಬೀಳುವ ಹೊತ್ತಿಗೆ ವಧು ತಲೆ ಎತ್ತಿದಳು, ನಾನು ಉಂಗುರ ತಿರುಗಿಸುವಷ್ಟರಲ್ಲಿ ತಗ್ಗಿಸಿದಳು. ಎಂಟು ಚಿತ್ರಗಳಲ್ಲಿ ಎರಡು ಮಾತ್ರ ಸ್ಪಷ್ಟ. ಕುತ್ತಿಗೆಯಲ್ಲಿ ನನ್ನ ಡಿ7200 ಕೂಡ ಇತ್ತು. 80-200 ಅನ್ನು ಅದಕ್ಕೆ ಬದಲಿಸಿದೆ. ಗರ್ ಎಂದಿತು, ತಾಳಿ ಕಟ್ಟುವುದನ್ನು ಹಿಡಿದುಕೊಟ್ಟಿತು.

ಹಾಗಾಗಿ ಹೀಗೆ ತೀರ್ಮಾನಿಸಿದ್ದೇನೆ. ಡಿ7200 ಮಾರುವುದಿಲ್ಲ, ಅದು 80-200ರ ಮನೆ. ಝಡ್ 5ರ ಎರಡನೇ ಆವೃತ್ತಿ ಮತ್ತು 40 ಎಫ್ 2 ಕೊಳ್ಳುತ್ತೇನೆ. ಟೊಕಿನಾಗೆ ಬಾದಾಮಿ ತಮ್ಮ ಹೇಳಿದಂತೆ ಬಿಳಿ ಟೇಪು ಅಂಟಿಸಿ ಎಫ್‌ಟಿಜೆಡ್ ಮೇಲೆ ಮಂಟಪಕ್ಕೆ ಬಳಸುತ್ತೇನೆ. 10 ಮೆಗಾಪಿಕ್ಸೆಲ್ ಆದರೂ ಆಲ್ಬಮ್ಮಿಗೆ ಸಾಕು. 50 ಡಿ ಈಗ ನನ್ನ ಶಿಷ್ಯನಿಗೆ. ಅವನ ಬಳಿ ಹಳೆಯ ಡಿ7000 ಇದೆ, ಅದರಲ್ಲೂ ಮೋಟಾರು ಇದೆ. ಮುಂದಿನ ಭರತ ಹುಣ್ಣಿಮೆಗೆ ಚಿಂಚಲಿಗೆ ಹೋಗುವಾಗ ಉದ್ದ ಬದಲಾಗದ ಲೆನ್ಸ್ ಒಂದೇ, ಮೇಲೆ ಪ್ಲಾಸ್ಟಿಕ್ ಹೊದಿಕೆ. ಜಾತ್ರೆಯೊಳಗೆ ಲೆನ್ಸ್ ಬದಲಿಸುವುದಿಲ್ಲ.

ಘಟಪ್ರಭಾ_ತೀರ (ಗೋಕಾಕ), ಅದೇ ರಾತ್ರಿ 9.55

ಓದಿ ಬಹಳ ಸಂತೋಷವಾಯಿತು. ಆ ಅಜ್ಜಿಯ ಬೆರಳಿನ ಚಿತ್ರವನ್ನು ಮನೆಯವರು ಒಪ್ಪಿದರೆ ಇಲ್ಲಿ ಹಾಕಿ.

ಆಗಸ್ಟ್‌ನಲ್ಲಿ ಗೋಕಾಕ ಜಲಪಾತ ತುಂಬಿದಾಗ ಬನ್ನಿ. 52 ಮೀಟರ್ ಮೇಲಿನಿಂದ ಕೆಂಪು ನೀರು ಬೀಳುವುದನ್ನು ಹಾಲಿನಂತೆ ತೆಗೆಯಲು ಎನ್‌ಡಿ 64 ಫಿಲ್ಟರ್ ಬೇಕಾಗುತ್ತದೆ. ಅದು ಆರು ಸ್ಟಾಪ್ ಬೆಳಕು ತಡೆಯುತ್ತದೆ, ಅಂದರೆ ಬೆಳಕನ್ನು ಆರು ಸಲ ಅರ್ಧ ಮಾಡುತ್ತದೆ, ಸೆಕೆಂಡಿನ 60ನೇ ಭಾಗ ಇದ್ದದ್ದು ಸುಮಾರು ಒಂದು ಸೆಕೆಂಡಾಗುತ್ತದೆ. ಟ್ರೈಪಾಡನ್ನು ಬಂಡೆಯ ಮೇಲೆ ಇಡಿ. ತೂಗುಸೇತುವೆಯ ಮೇಲೆ ಇಟ್ಟರೆ ಆ ಕಡೆ ಒಬ್ಬರು ಹೆಜ್ಜೆ ಇಟ್ಟರೂ ಈ ಕಡೆ ಚಿತ್ರ ನಡುಗುತ್ತದೆ. ನಿಮ್ಮ ಲೆನ್ಸ್‌ಗಳ ಫಿಲ್ಟರ್ ಅಳತೆ ಎಷ್ಟು? ಪ್ರತಿಯೊಂದಕ್ಕೂ ಬೇರೆ ಕೊಳ್ಳಬೇಡಿ.

ನವನಗರ_ಸ್ಟುಡಿಯೋ (ಬಾಗಲಕೋಟೆ), ಅದೇ ರಾತ್ರಿ 10.10

ಅಕ್ಕಾ, 80-200 ಮತ್ತು ಟೊಕಿನಾಗೆ 77 ಮಿ.ಮೀ., 18-140ಕ್ಕೆ 67, ಹೊಸ 40ಕ್ಕೆ 52.

ಕುಂದಾನಗರಿ_ರಿಪೇರಿ (ಬೆಳಗಾವಿ), ಅದೇ ರಾತ್ರಿ 10.25

77ರ ಒಂದೇ ಒಂದು ಒಳ್ಳೆಯ ಫಿಲ್ಟರ್ ತೆಗೆದುಕೊಳ್ಳಿ. 67ರಿಂದ 77ಕ್ಕೆ ಒಂದು, 52ರಿಂದ 77ಕ್ಕೆ ಒಂದು ಸ್ಟೆಪ್ ಅಪ್ ರಿಂಗ್ ಇದ್ದರೆ ಚಿಕ್ಕ ಲೆನ್ಸಿಗೂ ಅದೇ ಫಿಲ್ಟರ್ ಕೂರುತ್ತದೆ. ಅಲ್ಯೂಮಿನಿಯಂಗಿಂತ ಹಿತ್ತಾಳೆಯದು ಮೇಲು, ಬಿಸಿಲಲ್ಲಿ ಕಚ್ಚಿಕೊಂಡು ಕೂರುವುದಿಲ್ಲ. ರಿಂಗ್ ಹಾಕಿದಾಗ ಹುಡ್ ಕೂರುವುದಿಲ್ಲ, ಬಿಸಿಲಿಗೆ ಕೈ ಅಡ್ಡ ಹಿಡಿಯಬೇಕು.

ಘಟಪ್ರಭಾ_ತೀರ (ಗೋಕಾಕ), ಅದೇ ರಾತ್ರಿ 10.40

ನನ್ನ ಬಳಿ 77ರ ಎನ್‌ಡಿ 64 ಇದೆ, ಮೊದಲ ಸಲ ಅದರಲ್ಲೇ ತೆಗೆದು ನೋಡಿ, ಆ ಮೇಲೆ ಕೊಳ್ಳುವಿರಂತೆ. ಜಲಪಾತಕ್ಕೆ ಬರುವ ದಿನ ಬೆಳಿಗ್ಗೆ 6ಕ್ಕೇ ಧೂಪದಾಳಕ್ಕೆ ಬನ್ನಿ. ನಾನು 200-500 ತರುತ್ತೇನೆ, ನೀವು ಹೊಸ ಕ್ಯಾಮೆರಾ ಮತ್ತು ಎಫ್‌ಟಿಜೆಡ್ ತನ್ನಿ.